ಮಲ್ಪೆಯ ಜಿಪ್ಸಿಗೆ ಎರಡು ಹೆಡರ್

2023ರ ಆಗಸ್ಟ್ ಮೊದಲ ವಾರ. ಟ್ರಾಲಿಂಗ್ ನಿಷೇಧ ಮುಗಿದು ಮಲ್ಪೆಯ ಬೋಟುಗಳು ಮತ್ತೆ ಕಡಲಿಗಿಳಿಯುವ ಹೊತ್ತು. ಬೆಳಿಗ್ಗೆ ಭಾವನ ಫೋನ್ ಬಂತು. ಮಾತಿಲ್ಲ. ಫೋನನ್ನು ಸೀದಾ ಬಾನೆಟ್ ಒಳಗೆ ಹಿಡಿದಿದ್ದ. ಟಿಕ್ ಟಿಕ್ ಟಿಕ್, ಹಳೇ ಹೊಲಿಗೆ ಮೆಷಿನ್ ತುಳಿದ ಹಾಗೆ. ಆಕ್ಸಿಲರೇಟರ್ ಒತ್ತಿದಾಗ ಅದೇ ಸದ್ದು ಪಟಪಟ ಅಂತ ಜೋರಾಯಿತು.

"ಟ್ಯಾಪೆಟ್ ಅಂತಾರೆ ಭಾವ ಇಲ್ಲಿ. ಹೌದಾ?"

"ಬಿಸಿ ಆದ ಮೇಲೆ ಕಡಿಮೆ ಆಗ್ತದಾ?"

"ಆಗ್ತದೆ, ಸ್ವಲ್ಪ."

"ಹಾಗಾದ್ರೆ ಟ್ಯಾಪೆಟ್ ಆಗಿರ್ಲಿಕ್ಕಿಲ್ಲ. ಹೆಡರ್ ನೋಡು."

"ಎಂತ ಮಾರಾಯಾ! ಮೊನ್ನೆ ತಾನೆ ಹಾಕ್ಸಿದ್ದು!"

ಟ್ಯಾಪೆಟ್ ಅಂದರೆ ಇಂಜಿನ್ನಿನ ವಾಲ್ವ್ ಒತ್ತುವ ಭಾಗ. ಹೆಡರ್ ಅಂದರೆ ನಾಲ್ಕೂ ಸಿಲಿಂಡರಿನ ಹೊಗೆಯನ್ನು ಸೇರಿಸಿ ಸೈಲೆನ್ಸರಿನ ಕಡೆಗೆ ಒಯ್ಯುವ ಪೈಪುಗಳ ಗೊಂಚಲು. ಮೊನ್ನೆ ಅಂದರೆ 2021ರ ನವೆಂಬರ್. ಎರಡು ಮಳೆಗಾಲವೂ ಪೂರ್ತಿ ಆಗಿರಲಿಲ್ಲ. ಅದಕ್ಕಿಂತ ಮೊದಲು ಅದೇ ಜಾಗದಲ್ಲಿದ್ದ ಕಂಪನಿಯ ಎರಕದ ಮ್ಯಾನಿಫೋಲ್ಡ್, ಅಂದರೆ ಅದೇ ಕೆಲಸ ಮಾಡುವ ದಪ್ಪ ಗೋಡೆಯ ಕೊಳವೆ, ಅದೇ ಕಡಲಗಾಳಿಯಲ್ಲಿ 23 ವರ್ಷ ಬಾಳಿತ್ತು. ಈ ಲೆಕ್ಕ ತಲೆಯಲ್ಲಿ ಕೊರೆಯುತ್ತಿತ್ತು. ಹಾಗಾಗಿ ಹೊಸದು ಮಾಡಿಸುವ ಮೊದಲು ಹಳೆಯದು ಯಾಕೆ ಸತ್ತಿತು ಅಂತ ನೋಡೋಣ ಎಂದೆ. ಭಾವನಿಗೆ ಅದು ಸುಮ್ನೆ ಟೈಮ್ ವೇಸ್ಟ್. ನನಗೆ ಹಾಗನ್ನಿಸಲಿಲ್ಲ.

ಮೊದಲು ಗಾಡಿಯ ವಿಷಯ. 1998ರ ಮಾರುತಿ ಜಿಪ್ಸಿ ಕಿಂಗ್. 1298 ಸಿಸಿ, ನಾಲ್ಕು ಸಿಲಿಂಡರ್, ಎಂಟು ವಾಲ್ವ್, ಕಾರ್ಬುರೇಟರ್. ಹೊಸತಿದ್ದಾಗಲೇ ಇದ್ದದ್ದು ಸುಮಾರು 60 ಅಶ್ವಶಕ್ತಿ. 16 ವಾಲ್ವಿನ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಪೆಟ್ರೋಲನ್ನು ಚಿಮ್ಮಿಸಿ ಕೊಡುವ) ಇಂಜಿನ್ ಬಂದದ್ದು ಆಮೇಲೆ, 2000ದಲ್ಲಿ. ಭಾವನ ಗಾಡಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ, ಆಕ್ಸಿಜನ್ ಸೆನ್ಸರೂ ಇಲ್ಲ. ಇವೆರಡು ಇರುವ ಗಾಡಿಯವರು ಮುಂದಿನದನ್ನು ಹಾಗೇ ತಮ್ಮ ಗಾಡಿಗೆ ಅನ್ವಯಿಸಬೇಡಿ. ಅಲ್ಲಿ ಹೆಡರ್ ಬದಲಿಸುವುದೆಂದರೆ ಹೊಗೆ ಶುದ್ಧ ಮಾಡುವ ಇಡೀ ವ್ಯವಸ್ಥೆಗೇ ಕೈ ಹಾಕಿದಂತೆ.

ಗಾಡಿಯ ದಿನಚರಿ ಹೀಗೆ: ಬೆಳಗಿನ ಜಾವ ಮನೆಯಿಂದ ಬಂದರಿಗೆ ಮೂರು ಕಿಲೋಮೀಟರ್. ಇಂಜಿನ್ ಆಫ್. ಎರಡು ತಾಸಿನ ಮೇಲೆ ವಾಪಸ್ ಮೂರು ಕಿಲೋಮೀಟರ್. ದಾರಿಯುದ್ದಕ್ಕೂ ಮೀನಿನ ಲಾರಿಗಳಿಂದ ಸೋರಿದ ಐಸು-ಉಪ್ಪಿನ ನೀರು. ರಾತ್ರಿ ತೆಂಗಿನಮರದ ಕೆಳಗೆ ಬಯಲಲ್ಲೇ ಪಾರ್ಕಿಂಗ್. ಜೂನ್-ಜುಲೈನಲ್ಲಿ ನಿಷೇಧದ 61 ದಿನ ಬಂದರಿನಲ್ಲಿ ಕೆಲಸವಿಲ್ಲ. ಆಗ ಗಾಡಿ ಮಳೆ ತಿನ್ನುತ್ತಾ ಅಂಗಳದಲ್ಲೇ ನಿಂತಿರುತ್ತದೆ. ತುಕ್ಕಿಗೆ ಇದಕ್ಕಿಂತ ಒಳ್ಳೆಯ ಬದುಕು ಬೇರೆಲ್ಲಿ ಸಿಗಬೇಕು!

ಎರಕದ ಮ್ಯಾನಿಫೋಲ್ಡ್ ಎರಡು-ಮೂರನೇ ಸಿಲಿಂಡರ್ ನಡುವೆ ಬಿರುಕು ಬಿಟ್ಟಾಗ ಭಾವ ಮೊದಲ ಹೆಡರ್ ಮಾಡಿಸಿದ್ದ. ಒಂದು ಫ್ಯಾಬ್ರಿಕೇಷನ್ ಅಂಗಡಿಯವರು ಎಮ್ಮೆಸ್ ಪೈಪಿನಲ್ಲಿ, ಅಂದರೆ ಸಾದಾ ಕಬ್ಬಿಣದಲ್ಲಿ ಮಾಡಿಕೊಟ್ಟರು. "16 ಗೇಜ್ ಪೈಪು, ಹೀಟ್ ಪೇಂಟು, ಏನೂ ಆಗಲ್ಲ" ಎಂಬ ಭರವಸೆ ಬೇರೆ. ಆದರೆ ಬಾನೆಟ್ ಒಳಗಿನ ಶಾಖಕ್ಕೆ ಕಾರ್ಬುರೇಟರಿನ ಪೆಟ್ರೋಲೇ ಕುದಿಯತೊಡಗಿತು. ಮಧ್ಯಾಹ್ನ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಯಾರೋ ಹೇಳಿದರು ಅಂತ ಪೈಪಿಗೆಲ್ಲ ಹೀಟ್ ರ‍್ಯಾಪ್ ಸುತ್ತಿದ. ಗಾಜಿನ ನೂಲಿನ ಬಟ್ಟೆಪಟ್ಟಿ, ಮುರಿದ ಕಾಲಿಗೆ ಬ್ಯಾಂಡೇಜ್ ಕಟ್ಟಿದ ಹಾಗೆ. ಶಾಖವೇನೋ ಕಡಿಮೆಯಾಯಿತು.

ಬಿಚ್ಚುವ ದಿನ ಅರ್ಧ ಹೊತ್ತು ಹೆಡರನ್ನು ಇಂಜಿನ್ನಿಗೆ ಬಿಗಿಯುವ ಸ್ಟಡ್‌ಗಳ ಜೊತೆಯೇ ಕಳೆಯಿತು. ಜಿಪ್ಸಿಯ ಸಿಲಿಂಡರ್ ಹೆಡ್ ಅಲ್ಯುಮಿನಿಯಂ. ತುಕ್ಕು ಹಿಡಿದ ಸ್ಟಡ್ಡನ್ನು ಜೋರಾಗಿ ತಿರುಗಿಸಿದರೆ ಸ್ಟಡ್ ತುಂಡಾಗುತ್ತದೆ, ಇಲ್ಲವೇ ಹೆಡ್ಡಿನ ಥ್ರೆಡ್ ಕಿತ್ತುಬರುತ್ತದೆ. ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟಿದ್ದೆವು. ಬೆಳಿಗ್ಗೆ ಮತ್ತೊಮ್ಮೆ. ಸ್ವಲ್ಪ ಬಿಗಿ ಮಾಡುವುದು, ಸ್ವಲ್ಪ ಸಡಿಲ ಮಾಡುವುದು. ಆದರೂ ಒಂದು ತುಂಡಾಯಿತು. ಪುಣ್ಯಕ್ಕೆ ಹೊರಗೆ ಒಂದಿಂಚು ಉಳಿದಿತ್ತು. ಅದಕ್ಕೊಂದು ನಟ್ ವೆಲ್ಡ್ ಮಾಡಿ, ಬಿಸಿ ಇರುವಾಗಲೇ ತಿರುಗಿಸಿ ತೆಗೆದೆವು.

ಹೆಡರನ್ನು ನೆಲದ ಮೇಲಿಟ್ಟು ಪಟ್ಟಿಯನ್ನು ಕತ್ತಿಯಿಂದ ಸೀಳಿದೆ. ಗಾಡಿ ಎರಡು ದಿನದಿಂದ ಓಡಿಯೇ ಇರಲಿಲ್ಲ. ಆದರೂ ಕೆಳಭಾಗದ ಪಟ್ಟಿ ಕೈಗೆ ಒದ್ದೆಯಾಗಿ ತಾಗಿತು. ಎಳೆದಾಗ ಪಟ್ಟಿಯ ಜೊತೆ ಕಬ್ಬಿಣವೂ ಬಂತು, ಹಪ್ಪಳದ ಹಾಗೆ, ಪದರ ಪದರವಾಗಿ. ನಾಲ್ಕು ಪೈಪು ಸೇರುವ ಕಲೆಕ್ಟರಿನ ಹೊಟ್ಟೆಯ ಕೆಳಗೆ ಹೆಬ್ಬೆರಳು ತೂರುವಷ್ಟು ತೂತು. ಅದರ ಪಕ್ಕದಲ್ಲಿ ಗಟ್ಟಿಯಾಗಿ ಕಾಣುತ್ತಿದ್ದ ಜಾಗಕ್ಕೆ ಸ್ಕ್ರೂಡ್ರೈವರ್ ತುದಿ ಒತ್ತಿದೆ. ಬಿಸ್ಕತ್ತಿಗೆ ಒತ್ತಿದ ಹಾಗೆ ಒಳಗೆ ಹೋಯಿತು.

ಗ್ರೈಂಡರಿನಲ್ಲಿ ಉದ್ದಕ್ಕೆ ಸೀಳಿದ ಮೇಲೆ ಕಥೆ ಇನ್ನೂ ಸ್ಪಷ್ಟವಾಯಿತು. ಪೋರ್ಟಿನ, ಅಂದರೆ ಇಂಜಿನ್ನಿನಿಂದ ಹೊಗೆ ಹೊರಬರುವ ತೂತಿನ ಹತ್ತಿರ ಪೈಪಿನ ಒಳಮೈ ಒಣಗಿತ್ತು, ಬೂದು ಬಣ್ಣ, ತೆಳುವಾದ ಸಿಪ್ಪೆ ಅಷ್ಟೇ. ಕೆಳಗೆ ಹೋದಂತೆ ಬಣ್ಣ ಕಂದಾಯಿತು. ಕಲೆಕ್ಟರಿನ ತಳದಲ್ಲಿ ಕೆಂಪು ಕೆಸರಿನ ಹಾಗೆ ತುಕ್ಕು ಕೂತಿತ್ತು. ಚೆನ್ನಾಗಿದ್ದ ಒಂದು ಜಾಗ ಹುಡುಕಿ ವರ್ನಿಯರ್ ಇಟ್ಟರೆ 1.2 ಮಿ.ಮೀ. 16 ಗೇಜ್ ಅಂದರೆ 1.6 ಇರಬೇಕಿತ್ತು. 1.2 ಅಂದರೆ 18 ಗೇಜ್. ಕೊಟ್ಟದ್ದೇ ತೆಳು ಪೈಪು. ದುಡ್ಡು ಕೊಡುವ ದಿನ ಒಂದು ವರ್ನಿಯರ್ ಹಿಡಿದಿದ್ದರೆ ಗೊತ್ತಾಗುತ್ತಿತ್ತು. ಆದರೆ ಹೊಸ ಪೇಂಟಿನ ಹೊಳಪು ನೋಡಿ ಯಾರಿಗೆ ಅಳೆಯುವ ಮನಸ್ಸಾಗುತ್ತದೆ?

ಟಿಕ್ ಟಿಕ್ ಸದ್ದಿನ ಮೂಲ ಮಾತ್ರ ತೂತಲ್ಲ. ಹೆಡರನ್ನು ಇಂಜಿನ್ನಿಗೆ ಕೂರಿಸುವ ಚಪ್ಪಟೆ ಫ್ಲೇಂಜ್ 6 ಮಿ.ಮೀ. ಪ್ಲೇಟಿನದ್ದು. ಅದರ ಮೇಲೆ ಸ್ಟೀಲ್ ಪಟ್ಟಿ ಇಟ್ಟು ನೋಡಿದರೆ ಬಾಳೆಹಣ್ಣಿನ ಹಾಗೆ ಬಾಗಿತ್ತು. ಒಂದನೇ ಪೋರ್ಟಿನ ಬಳಿ ಅರ್ಧ ಮಿಲಿಮೀಟರಿನ ಫೀಲರ್ (ಸಂದಿ ಅಳೆಯುವ ತೆಳು ತಗಡು) ಸಲೀಸಾಗಿ ನುಸುಳಿತು. ಅಲ್ಲೇ ಪ್ಯಾಕಿಂಗ್ ಮೇಲೆ ಕಪ್ಪು ಮಸಿಯ ಗೆರೆ. ತಣ್ಣಗಿರುವಾಗ ಸಂದಿ ದೊಡ್ಡದು, ಬಿಸಿಯಾಗಿ ಲೋಹ ಹಿಗ್ಗಿದಾಗ ಚಿಕ್ಕದು. ಫೋನಿನಲ್ಲಿ ಕೇಳಿದ್ದು ಇದೇ.

ಒಳಗಿನ ನೀರು ಎಲ್ಲಿಂದ ಬಂತು ಅಂತ ಭಾವನಿಗೆ ಆಶ್ಚರ್ಯ. ಮಳೆ ನೀರು ನುಗ್ಗಿರಬೇಕು ಅಂದುಕೊಂಡಿದ್ದ. ಅಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ, ಹಬೆಯಾಗಿ. ಲೋಹ ಬಿಸಿ ಇದ್ದರೆ ಹಬೆ ಹಾಗೇ ಹೊರಗೆ ಹೋಗುತ್ತದೆ. ಸುಮಾರು 50 ಡಿಗ್ರಿಗಿಂತ ತಣ್ಣಗಿನ ಲೋಹ ತಾಗಿತೋ, ಅಲ್ಲೇ ನೀರಾಗಿ ಇಳಿಯುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ. ಪೋರ್ಟಿನ ಬಳಿ ಪೈಪು ಬೇಗ ಕಾಯುತ್ತದೆ. ಕಲೆಕ್ಟರ್, ಅದರ ಹಿಂದಿನ ಪೈಪು, ಸೈಲೆನ್ಸರ್ ಕಾಯಲು ಹೊತ್ತು ಬೇಕು. ಮೂರು ಕಿಲೋಮೀಟರಿನಲ್ಲಿ ಅವು ಪೂರ್ತಿ ಕಾದು ಒಣಗುವುದು ಕಷ್ಟ. ಅಷ್ಟರಲ್ಲಿ ಬಂದರು ಬಂತು, ಇಂಜಿನ್ ಆಫ್.

ಹೊರಗಿನ ಕೆಲಸ ಪಟ್ಟಿಯದ್ದು. ಗಾಡಿ ಓಡುವಾಗ ಅದು ಶಾಖವನ್ನು ಪೈಪಿನಲ್ಲೇ ಕೂಡಿಹಾಕುತ್ತದೆ. ಸಾದಾ ಕಬ್ಬಿಣ ಸುಮಾರು 570 ಡಿಗ್ರಿ ದಾಟಿದರೆ ಸಿಪ್ಪೆ ಏಳುವ ವೇಗ ಜಾಸ್ತಿಯಾಗುತ್ತದೆ. ಗಾಡಿ ನಿಂತಾಗ ಅದೇ ಪಟ್ಟಿ ಉಪ್ಪುನೀರನ್ನು ಹೀರಿ, ಒದ್ದೆ ಬಟ್ಟೆಯ ಹಾಗೆ ಪೈಪಿಗೆ ಅಂಟಿಕೊಂಡಿರುತ್ತದೆ. ನಿಷೇಧದ 61 ದಿನ ಈ ಹೆಡರ್ ಉಪ್ಪಿನ ಪೊಟ್ಟಣದಲ್ಲಿ ಮಲಗಿತ್ತು. ಒಣ ಊರಿನ ರೇಸ್ ಗಾಡಿಗೆ ಈ ಪಟ್ಟಿ ಸರಿಯಿರಬಹುದು. ಕರಾವಳಿಯಲ್ಲಿ ಎಮ್ಮೆಸ್ ಪೈಪಿಗೆ ಅದನ್ನು ಸುತ್ತುವುದು ನನ್ನ ಪ್ರಕಾರ ತಪ್ಪೇ.

ಪೇಂಟ್? ಅದರ ಗುರುತೂ ಉಳಿದಿರಲಿಲ್ಲ. ಪೈಪಿನ ಎಣ್ಣೆ ಜಿಡ್ಡು ತೆಗೆಯದೆ, ನುಣುಪು ಮೈ ಮೇಲೆಯೇ ಸ್ಪ್ರೇ ಹೊಡೆದು, ಮರುದಿನವೇ ಗಾಡಿಗೆ ಹಾಕಿ ಓಡಿಸಿದ್ದರು ಅಂತ ಆಮೇಲೆ ಗೊತ್ತಾಯಿತು.

ಹೊಸದಕ್ಕೆ ಏನು ಮಾಡುವುದು? ನನ್ನ ಮೊದಲ ಸಲಹೆ ಗುಜರಿಯಿಂದ ಹಳೇ ಎರಕದ ಮ್ಯಾನಿಫೋಲ್ಡ್ ತರುವುದೇ ಆಗಿತ್ತು. ಎರಕಕ್ಕೂ ತುಕ್ಕು ಹಿಡಿಯುತ್ತದೆ, ಮೈಯೆಲ್ಲ ಕೆಂಪಾಗುತ್ತದೆ. ಆದರೆ ಗೋಡೆಯೇ ಅಷ್ಟು ದಪ್ಪ, ತಿಂದು ಮುಗಿಸಲು ತುಕ್ಕಿಗೆ ದಶಕಗಳು ಬೇಕು. ಮೂರು ಗುಜರಿ ಸುತ್ತಿದೆವು. ಸಿಕ್ಕ ಎರಡು ಮ್ಯಾನಿಫೋಲ್ಡಿನಲ್ಲೂ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಬಿರುಕು. ಜೊತೆಗೆ ಭಾವನಿಗೆ ಹೆಡರಿನ ರುಚಿ ಹತ್ತಿತ್ತು. "ಆಗುಂಬೆ ಏರುವಾಗ ಮೂರನೇ ಗೇರಲ್ಲಿ ಎಳೀತದೆ ಭಾವ, ಮೊದ್ಲು ಎರಡಕ್ಕೆ ಹಾಕ್ಬೇಕಿತ್ತು" ಅಂತ. ನಮ್ಮಲ್ಲಿ ಇಂಜಿನ್ನಿನ ಶಕ್ತಿ ಅಳೆಯುವ ಡೈನೋ ಎಲ್ಲಿದೆ? ಘಾಟಿಯೇ ಡೈನೋ.

ಅದು ಪೂರ್ತಿ ಭ್ರಮೆಯೂ ಅಲ್ಲ. ಈ ಇಂಜಿನ್ 1-3-4-2 ಕ್ರಮದಲ್ಲಿ ಉರಿಯುತ್ತದೆ. 4-2-1 ಹೆಡರಿನಲ್ಲಿ ಒಂದು-ನಾಲ್ಕನ್ನು ಒಂದು ಜೋಡಿ, ಎರಡು-ಮೂರನ್ನು ಇನ್ನೊಂದು ಜೋಡಿ ಮಾಡುತ್ತಾರೆ. ಆಗ ಒಂದು ಸಿಲಿಂಡರಿನ ಹೊಗೆಯ ಬಡಿತ ಪಕ್ಕದ್ದಕ್ಕೆ ಅಡ್ಡ ಬರುವುದಿಲ್ಲ. ಕೆಳಗಿನ, ನಡುವಿನ ಆರ್‌ಪಿಎಂನಲ್ಲಿ ಎಳೆತ ಸುಧಾರಿಸುತ್ತದೆ. ನಾಲ್ಕನ್ನೂ ಒಮ್ಮೆಗೇ ಸೇರಿಸುವ 4-1 ವಿನ್ಯಾಸದ ಲಾಭ ಹೆಚ್ಚಾಗಿ ಮೇಲಿನ ಆರ್‌ಪಿಎಂನಲ್ಲಿ. ಅದು ರೇಸಿನವರಿಗೆ. ಬಂದರಿಗೆ, ಘಾಟಿಗೆ ಓಡುವ ಜಿಪ್ಸಿಗೆ 4-2-1 ಸಾಕು. ಪೈಪು ದೊಡ್ಡದಾದಷ್ಟೂ ಒಳ್ಳೆಯದು ಎಂಬುದೂ ಸುಳ್ಳು. 60 ಅಶ್ವಶಕ್ತಿಯ ಇಂಜಿನ್ನಿಗೆ ಅಗಲ ಪೈಪು ಕೊಟ್ಟರೆ ಹೊಗೆಯ ಓಟ ನಿಧಾನವಾಗಿ ಕೆಳಗಿನ ಎಳೆತವೇ ಹೋಗುತ್ತದೆ. ಅಂಗಡಿಯವರು ಒಂದೂವರೆ ಇಂಚು ಅಂದರು, ನಾವು ಒಂದೂಕಾಲು ಇಂಚಿಗೆ ನಿಂತೆವು.

ಆನ್‌ಲೈನಿನಲ್ಲಿ ರೆಡಿ ಹೆಡರ್ ತರಿಸೋಣ ಎಂಬ ಮಾತೂ ಬಂತು. ಅಮೆರಿಕದಲ್ಲಿ ಸಮುರಾಯ್ ಹೆಸರಿನಲ್ಲಿ ಮಾರಾಟವಾದ ಸುಜುಕಿ ನಮ್ಮ ಜಿಪ್ಸಿಯ ಹತ್ತಿರದ ನೆಂಟ, ಅದಕ್ಕೆ ಹೆಡರ್‌ಗಳು ಸಿಗುತ್ತವೆ. ಆದರೆ ಅಲ್ಲಿಯ ಸ್ಟಿಯರಿಂಗ್ ಎಡಕ್ಕೆ, ನಮ್ಮದು ಬಲಕ್ಕೆ. ಪೈಪು ಎಲ್ಲಿ ತಾಗುತ್ತದೋ ಅಂತ ಕೈಬಿಟ್ಟೆವು. ಪಕ್ಕದ ಮನೆಯವರು ಸತುವಿನ ಲೇಪದ ಜಿಐ ಪೈಪ್ ಹಾಕಿಸಿ, ತುಕ್ಕೇ ಹಿಡಿಯಲ್ಲ ಎಂದರು. ಸತುವು 420 ಡಿಗ್ರಿಗೇ ಕರಗುತ್ತದೆ. ಹೆಡರಿನ ಮೇಲೆ ಅದು ನಿಲ್ಲುವುದಿಲ್ಲ. ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಕುಡಿದರೆ ವೆಲ್ಡರಿಗೆ ರಾತ್ರಿ ಚಳಿಜ್ವರ.

ಉಳಿದದ್ದು ಸ್ಟೇನ್‌ಲೆಸ್. ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ಗೇಟು, ರೇಲಿಂಗಿಗೆ ಬಳಸುವ 202 ದರ್ಜೆ ಕೂಡ ಹೊಳೆಯುತ್ತದೆ, 304 ಕೂಡ ಹೊಳೆಯುತ್ತದೆ. ಅಯಸ್ಕಾಂತ ಎರಡಕ್ಕೂ ಸರಿಯಾಗಿ ಅಂಟುವುದಿಲ್ಲ, ಹಾಗಾಗಿ ಆ ಪರೀಕ್ಷೆ ಉಪಯೋಗಕ್ಕಿಲ್ಲ. 202ರಲ್ಲಿ ನಿಕ್ಕಲ್ ಕಡಿಮೆ, ಅದರ ಬದಲು ಮ್ಯಾಂಗನೀಸ್. ಕಡಲ ಬದಿಯಲ್ಲಿ ಅದು ಬೇಗ ಕಂದು ಹಿಡಿಯುತ್ತದೆ. ಪೈಪಿನ ಅಂಗಡಿಗಳಲ್ಲಿ ಒಂದು ಟೆಸ್ಟಿಂಗ್ ದ್ರಾವಣ ಇರುತ್ತದೆ. ಒಂದು ಹನಿ ಬಿಟ್ಟು 9 ವೋಲ್ಟ್ ಬ್ಯಾಟರಿ ತಾಗಿಸಿದರೆ 202 ಇದ್ದಲ್ಲಿ ಹನಿ ಕೆಂಪಾಗುತ್ತದೆ. ಮಂಗಳೂರಿನ ಬೈಕಂಪಾಡಿ ಕಡೆಯ ಒಂದು ಅಂಗಡಿಯಲ್ಲಿ ನಮ್ಮೆದುರೇ ಹಾಕಿ ತೋರಿಸಿದರು. ಮೊದಲು ತಂದ ಪೈಪು ಕೆಂಪಾಯಿತು. ಅಂಗಡಿಯ ಹುಡುಗ ಏನೂ ಹೇಳದೆ ಅದನ್ನು ಒಳಗೆ ತೆಗೆದುಕೊಂಡು ಹೋಗಿ ಬೇರೆ ತಂದ.

ನಾವು ತಂದದ್ದು 304ಎಲ್, 2 ಮಿ.ಮೀ. ದಪ್ಪದ್ದು. 316 ಉಪ್ಪಿಗೆ ಇನ್ನೂ ಗಟ್ಟಿ, ಅದರಲ್ಲಿ ಮಾಲಿಬ್ಡಿನಂ ಇದೆ. ಬೆಲೆ ಕೇಳಿ ಭಾವ ಎದ್ದು ಹೊರಗೆ ಹೋದ. ಕಾರು ಕಂಪನಿಗಳು ಬಳಸುವ 409 ಚಿಲ್ಲರೆಯಲ್ಲಿ ನಮ್ಮ ಕೈಗೆ ಸಿಗಲಿಲ್ಲ.

ಸ್ಟೇನ್‌ಲೆಸ್‌ನದ್ದೂ ಒಂದು ಕೊರತೆ ಇದೆ: ಅದು ಜಾಸ್ತಿ ಹಿಗ್ಗುತ್ತದೆ. ಅರ್ಧ ಮೀಟರ್ ಪೈಪು 500 ಡಿಗ್ರಿ ಏರಿದರೆ ಎಮ್ಮೆಸ್ ಸುಮಾರು ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ, 304 ನಾಲ್ಕೂವರೆ. ಆ ಒಂದು ಮಿಲಿಮೀಟರಿಗೆ ಜಾಗ ಕೊಡದಿದ್ದರೆ ವೆಲ್ಡ್ ಪಕ್ಕದಲ್ಲಿ ಬಿರುಕು ಗ್ಯಾರಂಟಿ. ಅದಕ್ಕೇ ಫ್ಲೇಂಜನ್ನು 10 ಮಿ.ಮೀ. ಎಮ್ಮೆಸ್ ಪ್ಲೇಟಿನಲ್ಲಿ ಮಾಡಿ, ಕೊನೆಯ ತೂತುಗಳನ್ನು ಸ್ವಲ್ಪ ಅಂಡಾಕಾರಕ್ಕೆ ಉಜ್ಜಿದೆವು. ಹೆಡರ್ ಮುಗಿದಲ್ಲಿ ಒಂದು ಫ್ಲೆಕ್ಸ್ ಪೈಪ್. ಇಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಅಲ್ಲಾಡುತ್ತದೆ, ಸೈಲೆನ್ಸರ್ ಚಾಸಿಗೆ ನೇತುಬಿದ್ದಿರುತ್ತದೆ. ನಡುವೆ ಮೆದುವಾದದ್ದು ಏನೂ ಇಲ್ಲದಿದ್ದರೆ ಇಡೀ ಹೊಡೆತ ಹೆಡರ್ ಮೇಲೆ. ಎಮ್ಮೆಸ್ ಫ್ಲೇಂಜಿಗೆ ತುಕ್ಕು ಹಿಡಿಯಲ್ವಾ? ಹಿಡಿಯುತ್ತದೆ. 10 ಮಿಲಿಮೀಟರಿನಲ್ಲಿ ಅರ್ಧ ಮಿಲಿಮೀಟರ್ ಹೋದರೆ ಹೋಗಲಿ ಬಿಡಿ.

ವೆಲ್ಡಿಂಗ್ ಮಾಡಿದ ಅಣ್ಣ ಮಾತು ಕಡಿಮೆಯ ಮನುಷ್ಯ. ಆರ್ಗಾನ್ ವೆಲ್ಡಿಂಗ್ ಮಾಡುವಾಗ ಪೈಪಿನ ಎರಡೂ ತುದಿಗೆ ಟೇಪು ಹಚ್ಚಿ, ಒಳಗೂ ಆರ್ಗಾನ್ ತುಂಬಿಸಿದರು. ಇಲ್ಲದಿದ್ದರೆ ಬೆಸುಗೆಯ ಒಳಮೈ ಸುಟ್ಟ ಸಕ್ಕರೆಯ ಹಾಗೆ ಕರ್ರಗೆ ಕಾಳು ಕಾಳಾಗುತ್ತದೆ, ತುಕ್ಕು ಶುರುವಾಗುವುದು ಅಲ್ಲೇ. ಸ್ಟೇನ್‌ಲೆಸ್‌ಗೆ ಸ್ಟೇನ್‌ಲೆಸ್ ಸೇರಿಸಲು 308ಎಲ್ ಕಡ್ಡಿ, ಎಮ್ಮೆಸ್ ಫ್ಲೇಂಜಿಗೆ ಸೇರಿಸಲು 309ಎಲ್. ನಾನು ಸಹಾಯ ಮಾಡೋಣ ಅಂತ ಪಕ್ಕದಲ್ಲಿದ್ದ ವೈರ್ ಬ್ರಶ್ ಎತ್ತಿಕೊಂಡೆ. ಅಣ್ಣ ಕೈ ಹಿಡಿದರು.

"ಅದು ಕಬ್ಬಿಣಕ್ಕೆ ಬಳಸಿದ್ದು ಮಾರ್ರೆ. ಇದಕ್ಕೆ ತಾಗಿಸ್ಬೇಡಿ."

ಎಮ್ಮೆಸ್ ಉಜ್ಜಿದ ಬ್ರಶ್ಶು, ಗ್ರೈಂಡಿಂಗ್ ಡಿಸ್ಕು ಸ್ಟೇನ್‌ಲೆಸ್‌ಗೆ ತಾಗಿದರೆ ಕಬ್ಬಿಣದ ಪುಡಿ ಅದರ ಮೈಗೆ ಹೊಕ್ಕು, ಎರಡು ಮಳೆಗೇ ಕಂದು ಚುಕ್ಕೆ ಏಳುತ್ತದೆ. ಜನ "ಸ್ಟೀಲಿಗೂ ತುಕ್ಕು ಹಿಡಿಯಿತು" ಎಂದು ಬೈಯುವುದರಲ್ಲಿ ಎಷ್ಟೋ ಸಲ ತಪ್ಪು ಬ್ರಶ್ಶಿನದ್ದು. ಕೊನೆಗೆ ಬೆಸುಗೆಯ ನೀಲಿ-ಕಪ್ಪು ಕಲೆಗೆ ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೊಳೆದರು. ಗ್ಲೌಸ್, ಕನ್ನಡಕ ಹಾಕಿ, ಬಯಲಲ್ಲೇ ಮಾಡಿದರು. ಅದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ, ಚರ್ಮಕ್ಕೆ ತಾಗಿದರೆ ಒಳಗಿನ ಮೂಳೆಯವರೆಗೂ ಇಳಿಯುವ ಜಾತಿಯದ್ದು. ಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ.

ಸ್ಟೇನ್‌ಲೆಸ್ ಪೈಪಿಗೆ ಪೇಂಟ್ ಹಚ್ಚಲಿಲ್ಲ. ಫ್ಲೇಂಜು ಮತ್ತು ಫ್ಲೆಕ್ಸಿನಿಂದ ಸೈಲೆನ್ಸರಿಗೆ ಹೋಗುವ ಎಮ್ಮೆಸ್ ಪೈಪಿಗೆ ಮಾತ್ರ. ಈ ಸಲ ಸರಿಯಾಗಿ ಮಾಡೋಣ ಅಂತ ಅದನ್ನು ನಾನೇ ವಹಿಸಿಕೊಂಡೆ. ಮೊದಲು ಸ್ಯಾಂಡ್‌ಬ್ಲಾಸ್ಟ್. ಮೈ ಮಂಕಾಗಿ ಒರಟಾಗಬೇಕು, ಆಗಲೇ ಪೇಂಟಿಗೆ ಹಿಡಿತ. ಆಮೇಲೆ ಅಸಿಟೋನಿನಲ್ಲಿ ಒರೆಸಿ, ಬರಿಗೈಯಲ್ಲಿ ಮುಟ್ಟದೆ ತೆಳುವಾಗಿ ಮೂರು ಕೋಟ್. ಮಾಮೂಲಿ ರೆಡ್ ಆಕ್ಸೈಡ್ ಪ್ರೈಮರ್ ಕೆಳಗೆ ಹಾಕಲೇಬಾರದು. ಅದು ಸುಟ್ಟು ಮೇಲಿನದ್ದನ್ನೂ ಎಬ್ಬಿಸುತ್ತದೆ. ಹೀಟ್ ಪೇಂಟಿನಲ್ಲಿರುವ ಸಿಲಿಕೋನ್ ಬರೀ ಒಣಗಿದರೆ ಸಾಲದು, ಬೇಯಬೇಕು. ಕೈಯಿಂದ ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಉಗುರಿನಿಂದ ಕೆರೆದರೆ ಎದ್ದುಬರುತ್ತದೆ. ಹೊಸ ಕಾವಲಿಯನ್ನು ಎಣ್ಣೆ ಹಚ್ಚಿ ಹದ ಮಾಡುತ್ತಾರಲ್ಲ, ಥೇಟ್ ಹಾಗೇ. ಮೊದಲ ದಿನವೇ ದೋಸೆ ಹೊಯ್ದರೆ ಏಳುವುದಿಲ್ಲ. ಪೌಡರ್ ಕೋಟಿಂಗಿನವರ ಓವನ್ನಿನಲ್ಲಿ ಅರ್ಧ ಗಂಟೆ 120 ಡಿಗ್ರಿ, ಆರಿಸಿ, ಆಮೇಲೆ ಅರ್ಧ ಗಂಟೆ 200. ಅದಕ್ಕಿಂತ ಮೇಲಿನ ಕಾವನ್ನು ಗಾಡಿಯಲ್ಲೇ ಕೊಟ್ಟೆವು: ಹತ್ತು ನಿಮಿಷ ಐಡ್ಲಿಂಗ್, ಪೂರ್ತಿ ತಣ್ಣಗಾಗುವವರೆಗೆ ಬಿಡುವುದು, ಆಮೇಲೆ ಇಪ್ಪತ್ತು ನಿಮಿಷ. ಮೊದಲ ಸಲ ಬಾನೆಟ್ ಒಳಗಿಂದ ಹೊಗೆ ಎದ್ದಾಗ ಅಕ್ಕ ಬಕೆಟಿನಲ್ಲಿ ನೀರು ಹಿಡಿದು ಓಡಿಬಂದಳು.

ಪಟ್ಟಿಯ ಬದಲು ಶಾಖಕ್ಕೆ ತೆಳು ಸ್ಟೇನ್‌ಲೆಸ್ ತಗಡಿನ ಶೀಲ್ಡ್, ಪೈಪಿನಿಂದ ಒಂದು ಬೆರಳು ದೂರದಲ್ಲಿ. ನಡುವಿನ ಗಾಳಿಯೇ ಶಾಖ ತಡೆಯುತ್ತದೆ. ನೀರು ನಿಲ್ಲಲು ಜಾಗವಿಲ್ಲ. ಹೊಸ ಸ್ಟಡ್‌ಗಳಿಗೆ ಅವು ಕಚ್ಚಿಕೊಳ್ಳದಂತೆ ತಾಮ್ರದ ಆ್ಯಂಟಿ-ಸೀಜ್ ಹಚ್ಚಿ, ನಡುವಿನಿಂದ ಹೊರಕ್ಕೆ ಬಿಗಿ ಮಾಡಿ, ಮೊದಲ ನೂರು ಕಿಲೋಮೀಟರಿನ ಮೇಲೆ ಮತ್ತೊಮ್ಮೆ ಬಿಗಿ ನೋಡಿದೆವು.

ಖರ್ಚು? ಮೊದಲ ಹೆಡರಿನ ಮೂರು ಪಟ್ಟು ಹತ್ತಿರ. ಅಕ್ಕನಿಗೆ ಹೇಳಿದ ಲೆಕ್ಕ ಬೇರೆ.

ಕಾನೂನಿನ ವಿಷಯ ನುಂಗಿಕೊಂಡರೆ ತಪ್ಪಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿಯಾಗಿ ಹೇಳಿತು. ಭಾವನ ಗಾಡಿಯಲ್ಲಿ ಸೈಲೆನ್ಸರ್ ಕಂಪನಿಯದ್ದೇ, ಸದ್ದು ಏರಿಲ್ಲ. ಹೊಗೆ ಪರೀಕ್ಷೆಯಲ್ಲಿ ಆ ಕಾಲದ ಹಳೇ ಪೆಟ್ರೋಲ್ ಕಾರುಗಳಿಗಿರುವ ಮಿತಿ ಕಾರ್ಬನ್ ಮೊನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ 1500 ಪಿಪಿಎಂ. ಕಾರ್ಬುರೇಟರ್ ಮತ್ತೆ ಟ್ಯೂನ್ ಮಾಡಿಸಿದ ಮೇಲೆ ಅದರೊಳಗೇ ಬಂತು. ಹಾಗಂತ ಇದು ಅನುಮತಿ ಪತ್ರವಲ್ಲ. 15 ವರ್ಷ ದಾಟಿದ ಗಾಡಿಯ ಆರ್‌ಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿದರೆ ಉತ್ತರ ಕೊಡಬೇಕಾದದ್ದು ಭಾವನೇ. ಅದನ್ನು ಮೊದಲೇ ಹೇಳಿದ್ದೇನೆ. ಬಿರುಕು ಬಿಟ್ಟ ಎರಕದ ಮ್ಯಾನಿಫೋಲ್ಡ್ ಇನ್ನೂ ಕೊಟ್ಟಿಗೆಯಲ್ಲಿದೆ. ಎರಕ ಬೆಸೆಯುವವರು ಸಿಕ್ಕರೆ ಅದನ್ನು ಸರಿ ಮಾಡಿಸಿಡುವುದು ಒಳ್ಳೆಯದು.

ದಿನಚರಿಯಲ್ಲಿ ಬದಲಾದದ್ದು ಎರಡೇ. ವಾರಕ್ಕೊಮ್ಮೆ ಬಂದರಿನಿಂದ ಸೀದಾ ಮನೆಗೆ ಬರದೆ ಹೆದ್ದಾರಿಗೆ ಹತ್ತಿ ಕಾಪುವರೆಗೆ ಹೋಗಿ ಬರುತ್ತಾನೆ, ಎಲ್ಲ ಕಾದು ಒಣಗಲಿ ಅಂತ. ಭಾನುವಾರ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ, ಅದರ ತಳಕ್ಕೆ ಬಾವಿ ನೀರು ಹೊಡೆಯುತ್ತಾನೆ.

ಎರಡು ಮಳೆಗಾಲ ಕಳೆದ ಮೇಲೆ ಹೋಗಿ ಗಾಡಿಯ ಕೆಳಗೆ ತೂರಿ ನೋಡಿದೆ. ಸ್ಕ್ರೂಡ್ರೈವರ್ ತಿರುಗಿಸಿ ಹಿಡಿಯಿಂದ ಕಲೆಕ್ಟರಿಗೆ ತಟ್ಟಿದರೆ ಟಣ್ ಅಂತು. ಪೈಪುಗಳು ಬೆಲ್ಲದ ಬಣ್ಣಕ್ಕೆ ತಿರುಗಿವೆ, ಅದು ಬಿಸಿಯ ಬಣ್ಣ. ಒಂದು ಬೆಸುಗೆಯ ಪಕ್ಕ ಚಹಾ ಚೆಲ್ಲಿದಂಥ ಕಲೆ, ಒರೆಸಿದರೆ ಅರ್ಧ ಹೋಯಿತು. ಫ್ಲೇಂಜಿನ ಪೇಂಟ್ ಅಂಚಿನಲ್ಲಿ ಎದ್ದಿದೆ. ಟಿಕ್ ಟಿಕ್ ಇಲ್ಲ.

ತುಕ್ಕು ಹಿಂದಕ್ಕೆ ಹೋಗಿದೆ. ಸೈಲೆನ್ಸರ್ ಎತ್ತಿ ನೋಡಿದರೆ ಭಾರ, ಅಲ್ಲಾಡಿಸಿದರೆ ಒಳಗೆ ಗುಳುಗುಳು. ಅದರ ತಳದ ತಗ್ಗಿನಲ್ಲಿ 3 ಮಿ.ಮೀ. ಡ್ರಿಲ್ ಇಟ್ಟೆ. ಬಿಟ್ ಹೊರಗೆಳೆಯುವ ಮೊದಲೇ ಕೆಂಪು ನೀರು ತೋಳಿನ ಮೇಲೆ ಇಳಿಯಿತು. ಭಾವ ಪಕ್ಕದಲ್ಲಿದ್ದ ಎಣ್ಣೆ ಡಬ್ಬಿ ದೂಡಿದ. ಅದು ಅರ್ಧ ತುಂಬಿತು.